ಮ್ಯಾಲಿನ ಮನಿ, ಕೆಳಗಿನ ಮನಿ

ಗದಗ ಸ್ಟೇಷನ್ ರೋಡಿನ ನಮ್ಮ ಅಂಗಡಿಯೊಳಗ
ಒಂದು ಕಂಪ್ಯೂಟರ್, ಒಂದು ಝೆರಾಕ್ಸು, ಮತ್ತ
ಗ್ವಾಡಿಗೆ ಆನಿಸಿಟ್ಟ ಹಳೇ ಅಚ್ಚಿನ ಮೊಳಿ ಕೇಸು.
ಅದರ ಸಣ್ಣ ಸಣ್ಣ ಮನಿಗಳೊಳಗ ಈಗ
ರೆವಿನ್ಯೂ ಸ್ಟ್ಯಾಂಪು, ಗುಂಡುಪಿನ್ನು, ಚಿಲ್ಲರೆ,
ಯಾರೋ ಮರತು ಹೋದ ಪಾಸ್‌ಪೋರ್ಟ್ ಸೈಜಿನ ಮುಖ.

ಮೂವತ್ತು ವರ್ಷ ಮೊಳಿ ಜೋಡಿಸಿದ ದಾವಲಸಾಬ್ ಚಾಚಾ
ಈಗ ಬರೇ ಚಹಾಕ್ಕ ಬರ್ತಾರ.
"ಇಂಗ್ಲಿಷಿನ ದೊಡ್ಡಕ್ಷರ ಮ್ಯಾಲಿನ ಮನ್ಯಾಗ ಇರತಿದ್ವು ತಂಗಿ,
ಕೈ ಚಾಚಿ ತಗೀಬೇಕು, ಅದೂ ಅಪರೂಪಕ್ಕ.
ದಿನಾ ದುಡಿಯೋ ಸಣ್ಣವು ಕೆಳಗ, ಕೈಯಳತಿಗೆ.
ಸವದು ಹೋಗತಿದ್ದುವೂ ಅವ."

ಮಂಗಳವಾರ ಸಂಜಿಮುಂದ ದುರಗವ್ವ ಬಂದ್ಲು,
ಎರಡನೇ ಪ್ಲಾಟ್‌ಫಾರ್ಮ್ ಕಸಾ ಹೊಡಿಯೋ ಹಸಿರು ಕೋಟಿನ್ಯಾಗ.
ಸೆರಗಿನ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಲು.
ಅಕ್ಕನ ಮಗ ಬರದ ಪತ್ರ, ಪುಣೆದ ಗುತ್ತಿಗೆದಾರಗ,
ಐದು ತಿಂಗಳ ಪಗಾರದ ಸಲುವಾಗಿ.
ತಗದು ನೋಡಿದೆ. ಎರಡು ಪುಟ ಇಂಗ್ಲಿಷು,
ಒಂದಕ್ಷರ ಸೈತ ಕುಂತಿಲ್ಲ,
ಎಲ್ಲಾ ಎದ್ದು ನಿಂತಾವ
ಮುಂಬೈ ಗಾಡಿ ಬಂದಾಗ ಜನರಲ್ ಡಬ್ಬಿ ಮುಂದ ನಿಂತಾಂಗ.
ಹುಡುಗ ಕ್ಯಾಪ್ಸ್ ಲಾಕ್ ಆರಿಸೋದು ಮರತಾನ.

"ಇದು ಒದರಿದಾಂಗ ಕಾಣತೈತಿ ಯವ್ವಾ,
ಆಫೀಸಿನ ಮಂದಿ ಹಿಂಗಿದ್ರ ಓದಂಗಿಲ್ಲ" ಅಂದೆ.

ಎಲ್ಲಾ ಆರಿಸಿದೆ, ಪುಟ ನೀಲಿ ಆದ್ವು.
ಶಿಫ್ಟ್ ಹಿಡದು ಎಫ್ ತ್ರೀ ಒತ್ತಿದೆ.
ಸಪ್ಪಳಿಲ್ಲದ ಕುಂತುಬಿಟ್ವು.
ಇನ್ನೊಮ್ಮೆ ಒತ್ತಿದೆ:
ವಾಕ್ಯಕ್ಕ ಒಬ್ಬ ಗೌಡ ಎದ್ದ,
ಉಳದವರು ಅವನ ಹಿಂದ.

ನೋಡ್ತೀನಿ, ಹುಲಿಗೆವ್ವನ ತಲಿ ಹೋಗೇತಿ,
ಮರಿಯವ್ವಂದು ಹೋಗೇತಿ, ಪುಣೆದು ಸೈತ.
ಯಾವುದು ಹೆಸರು, ಯಾವುದು ಕಸಬರಿಗಿ
ಯಂತ್ರಕ್ಕೇನು ಗೊತ್ತು.
ಹನ್ನೊಂದು ಮಂದಿ ಹೆಂಗಸರಿಗೆ
ಒಂದೊಂದಾಗಿ ಕೈಲೆ ತಲಿ ಕೂಡಿಸ್ತಾ ಕುಂತೆ.

"ಏನ ಮಾಡಿದಿ?"
"ದನಿ ಇಳಿಸೀನಿ."
"ಗದಗ ಎಲ್ಲಿ ಹೋತು? ಈಗರ ಕಾಣತಿತ್ತಲ್ಲ!"
ಓದಾಕ ಬರಂಗಿಲ್ಲ ಆಕಿಗೆ. ಆದ್ರ
ಪ್ಲಾಟ್‌ಫಾರ್ಮಿನ ಹಳದಿ ಬೋರ್ಡಿನ ಬುಡಕ
ಹನ್ನೆರಡು ವರ್ಷ ಕಸಾ ಹೊಡದಾಳ.
ಬೋರ್ಡಿನ ಮ್ಯಾಲ ಗದಗ ಎದ್ದ ನಿಂತಿರತೈತಿ.
ಕುಂತ ಗದಗನ್ನ ಆಕಿ ಯಾವತ್ತೂ ಕಂಡಿಲ್ಲ.

ಪತ್ರದ ಬುಡಕ ಕನ್ನಡದ ಪ್ರತಿ ಇತ್ತು.
ಅದೂ ನೀಲಿ ಆಗಿತ್ತು, ಅದಕ್ಕೂ ಅದ ಕೀಲಿ ಬಿದ್ದಿತ್ತು,
ಒಂದು ಕೊಂಬು ಅಳಗ್ಯಾಡಲಿಲ್ಲ.
ನಮ್ಮಾಗ ದೊಡ್ಡಕ್ಷರ ಸಣ್ಣಕ್ಷರ ಇಲ್ಲ ಅಂತ
ಸಾಲ್ಯಾಗ ಮಾಸ್ತರರು ಎದಿ ಉಬ್ಬಿಸಿ ಹೇಳತಿದ್ರು.
ಓದಿಕೋತ ಹೋದೆ:
ಸೂಪರ್‌ವೈಜರ್ ಸಾಹೇಬರು ಬಂದರು, ನೋಡಿದರು, ಹೋದರು.
ದುರಗವ್ವ ಕೇಳಿದಳು, ಅತ್ತಳು.
ಇಂಗ್ಲಿಷಿಗೆ ದೊಡ್ಡಸ್ತಿಕಿ ತಲಿ ಮ್ಯಾಲಿದ್ರ
ನಮಗ ಬಾಲದಾಗೈತಿ.
ಬ್ಯಾರೇದವರ ಮಾತ್ಯಾಕ,
ಚಾಚಾ ಬರ್ತಾರ ಅಂದೆ ನಾನೂ,
ದುರಗವ್ವ ಬಂದ್ಲು ಅಂದೆ.
ಇದಕ್ಕ ಯಾವ ಕೀಲಿ ಒತ್ತಲಿ?

"ಸಣ್ಣ ಮಾಡಬ್ಯಾಡ" ಅಂದ್ಲು ದುರಗವ್ವ. "ಇದ್ದಾಂಗ ಇರಲಿ.
ಐದು ತಿಂಗಳ ಸಣ್ಣಗ ಕೇಳೀವಿ."

ಮತ್ತೊಮ್ಮೆ ಎಫ್ ತ್ರೀ.
ಎದ್ದ ನಿಂತ್ವು, ಗದಗ ಹಿಡದು ಎಲ್ಲಾ.
ಚಾಚಾ ಬಸಿ ಕೆಳಗಿಟ್ಟು ಬಗ್ಗಿ ನೋಡಿದ್ರು:
"ನಮ್ಮ ಕಾಲಕ್ಕಾದ್ರ ಅರ್ಧ ಪುಟಕ್ಕ
ಮ್ಯಾಲಿನ ಮನಿ ಖಾಲಿ ಆಗತಿತ್ತು."

ಕಾಗದ ಬಿಸಿ ಇರೂ ಮುಂದನ ಮಡಿಚಿ
ಕೋಟಿನ ಕಿಸೆದಾಗ ಇಟಗೊಂಡ್ಲು, ಮೂವತ್ತು ರೂಪಾಯಿ ಎಣಿಸಿದ್ಲು.
"ಹೋಗಿ ಬರ್ರಿ" ಅಂದೆ.
ಬಾಗಲ ತನಕಾ ಹೋದಾಕಿ ನಿಂತು
ಹಿಂದ ಯಾರ ಬಂದಾರ ಅಂತ
ಹೊಳ್ಳಿ ನೋಡಿದ್ಲು.